ದಾವಣಗೆರೆ ಬೆಳೆದ ಕಥೆಯ ಪ್ರದರ್ಶನ: ಏನೇನು ಇಡಬಹುದು?

ಪೇಟೆ ಹುಡುಗ:
ನಮ್ಮ ಕಾಲೇಜಿನಲ್ಲಿ ಒಂದು ಹಾಲ್ ಬಿಟ್ಟುಕೊಟ್ಟಿದ್ದಾರೆ. 1940ರಿಂದ 1970ರವರೆಗೆ ದಾವಣಗೆರೆ ಹೆಂಗೆ ದಿಢೀರಂತ ಬೆಳೆಯಿತು ಅಂತ ತೋರಿಸಬೇಕು. ಇಲ್ಲಿವರೆಗೆ ಸಿಕ್ಕಿದ್ದು ಮಿಲ್ ಉದ್ಘಾಟನೆ ಫೋಟೋ, ಶಂಕುಸ್ಥಾಪನೆ ಫೋಟೋ, ಸನ್ಮಾನದ ಫೋಟೋ. ಎಲ್ಲದರಲ್ಲೂ ಅದೇ ರುಮಾಲು, ಹಾರ, ಸಾಲು ಕುರ್ಚಿ. ಇಂಗ್ಲೆಂಡಿನ ಹತ್ತಿ ಮಿಲ್ಲುಗಳ ಊರಿನ ಹೆಸರಲ್ಲಿ ನಮ್ಮೂರನ್ನು ಕರೀತಿದ್ದರಲ್ಲ, ಆ 'ಕರ್ನಾಟಕದ ಮ್ಯಾಂಚೆಸ್ಟರ್' ಅಂತ ದೊಡ್ಡ ಬೋರ್ಡ್ ಹಾಕಿದರೆ ಮುಗೀತು ಅಂತಾರೆ ನಮ್ಮ ಸರ್. ನನಗ್ಯಾಕೋ ಸಮಾಧಾನ ಇಲ್ಲ. ಮಿಲ್ಲಿನಲ್ಲಿ ದುಡಿದವರ ಮನೆಯವರು ಯಾರಾದರೂ ಇದ್ದೀರಾ? ಏನು ಕೇಳಬೇಕು, ಎಲ್ಲಿ ಹುಡುಕಬೇಕು?

ರಿಂಗ್ ಫ್ರೇಮ್ ಮಗಳು:
ಇದ್ದೀನಿ ತಮ್ಮಾ. ನಮ್ಮಪ್ಪ ನೂಲು ತೆಗೆಯುವ ಕಡೆ, ರಿಂಗ್ ಫ್ರೇಮಿನಲ್ಲಿದ್ದರು. ಮೊದಲು ಬದಲಿ, ಆಮೇಲೆ ಕಾಯಂ. ಬದಲಿ ಅಂದರೆ ದಿನಾ ಗೇಟಿಗೆ ಹೋಗಿ ನಿಲ್ಲಬೇಕು. ಯಾರಾದರೂ ರಜೆ ಹಾಕಿದ್ದರೆ ಒಳಗೆ, ಇಲ್ಲದಿದ್ದರೆ ವಾಪಸ್ ಮನೆಗೆ. ಅವರ ಹಾಜರಿ ಟಿಕೆಟ್ ಇನ್ನೂ ನಮ್ಮ ಟ್ರಂಕಿನಲ್ಲಿದೆ. ಮೂಲೆಗೆ ಎಣ್ಣೆ ಬೆರಳಿನ ಗುರುತು ಹತ್ತಿದೆ.

ನಿಮ್ಮ ಪ್ರದರ್ಶನ ಪಾಳಿಯಿಂದ ಶುರುವಾಗಲಿ. ಮಾಲೀಕರ ಫೋಟೋ ಆಮೇಲೆ ಬರಲಿ, ಬೇಡ ಅನ್ನಲ್ಲ. ಮಿಲ್ಲು ಹಗಲೂ ರಾತ್ರಿ ಓಡುತ್ತಿತ್ತು, ಅದಕ್ಕೇ ಊರೂ ಮಲಗುತ್ತಿರಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಊಟ ಹಾಕುವ ಖಾನಾವಳಿ, ಸೈಕಲ್ ಶಾಪು, ಮಂಡಕ್ಕಿ ಮಿರ್ಚಿ ಗಾಡಿ, ಸೆಕೆಂಡ್ ಶೋ ಟಾಕೀಸು, ಸಂಬಳದ ದಿನ ಉದ್ರಿ ವಸೂಲಿಗೆ ಕಾಯುವ ಅಂಗಡಿಯವರು, ಎಲ್ಲಾ ಪಾಳಿ ನೋಡಿಕೊಂಡೇ ನಡೆಯುತ್ತಿದ್ದರು. ಹಳೇ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಒಂದು ಸಿಕ್ಕರೆ ಸಾಕು, ಹತ್ತು ಸನ್ಮಾನದ ಫೋಟೋಗೆ ಸಮ.

ಕೆಲಸವನ್ನೂ ತೋರಿಸಿ. ಎಳೆ ತುಂಡಾದರೆ ಫ್ರೇಮ್ ನಿಲ್ಲಿಸುವ ಹಂಗಿಲ್ಲ. ನೂಲು ಸುತ್ತಿಕೊಳ್ಳುತ್ತಾ ತಿರುಗುತ್ತಿರುವ ಬಾಬಿನ್ ಒಂದನ್ನೇ ಬೆರಳಲ್ಲಿ ತಡೆದು, ತುದಿ ಹಿಡಿದು, ಮೇಲಿಂದ ಬರುವ ಅರಳೆಗೆ ತಾಗಿಸಿ ಬಿಡಬೇಕು. ಅಪ್ಪ ಮನೆಯಲ್ಲಿ ಸುಮ್ನೆ ಕೂತಾಗಲೂ ಹೆಬ್ಬೆರಳು ತೋರುಬೆರಳು ಉಜ್ಜುತ್ತಿದ್ದರು. ಮಾತು ಮಾತ್ರ ಜೋರು, ಯಂತ್ರದ ಸದ್ದಿಗೆ ಕಿವಿ ಮಂದವಾಗಿತ್ತು.

ಇನ್ನೊಂದು, ಬೆಣ್ಣೆ ದೋಸೆಗೆ ಇಡೀ ಗೋಡೆ ಕೊಡಬೇಡಿ. ಅದಕ್ಕೆ ಪ್ರಚಾರ ಜಾಸ್ತಿನೇ ಆಗಿದೆ.

ಹಳೇ ಕಡತ:
ಹುಡುಕುವಾಗ 'ದಾವಣಗೆರೆ ಜಿಲ್ಲೆ' ಅಂತ ಕೇಳಿದರೆ ಏನೂ ಸಿಗಲ್ಲ. ನಾವು ಜಿಲ್ಲೆಯಾದದ್ದೇ 1997ರಲ್ಲಿ. ಚಿತ್ರದುರ್ಗ ಅಂತ ಕೇಳಿ. 1967ರ ಚಿತ್ರದುರ್ಗ ಜಿಲ್ಲಾ ಗೆಜೆಟಿಯರ್ (ಜಿಲ್ಲೆಯ ವಿವರ ಇರುವ ಸರ್ಕಾರಿ ಪುಸ್ತಕ), 1951, 61, 71ರ ಜನಗಣತಿ ಪುಸ್ತಕಗಳನ್ನು ಮೊದಲು ನೋಡಿ. 71ರ ಹೊತ್ತಿಗೆ ಊರಿನ ಜನಸಂಖ್ಯೆ ಲಕ್ಷ ದಾಟಿತ್ತು. ಕಾಲೇಜುಗಳ ಸಾಲನ್ನೂ ಮರೆಯಬೇಡಿ. 1951ರಲ್ಲಿ ಎಂಜಿನಿಯರಿಂಗ್ ಕಾಲೇಜು, 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜೆಜೆಎಂ ಮೆಡಿಕಲ್. ಇವತ್ತು ಊರು ಕಾಲೇಜಿನ ಮಕ್ಕಳಿಂದ ತುಂಬಿದ್ದರೆ ಅದರ ಬೇರು ಆ ವರ್ಷಗಳಲ್ಲಿದೆ.

ಆ ಅಕ್ಕನ ಟಿಕೆಟ್ ಸಿಕ್ಕರೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಆಮೇಲೆ ಬಿಡಿಸಕ್ಕಾಗಲ್ಲ, ಹಳೇ ಕಾಗದ ಒಳಗೇ ಹಾಳಾಗುತ್ತದೆ. ಸೆಲೋಟೇಪೂ ಬೇಡ. ಸ್ಕ್ಯಾನ್ ಮಾಡಿ ನಕಲು ಇಡಿ. ಯಾರ ಹತ್ತಿರ ಏನು ತಂದರೂ ರಸೀದಿ ಬರೆದುಕೊಡಿ.

ಹೊಳೆದಂಡೆಯವ:
ಹರಿಹರದವನ ಒಂದು ತಕರಾರು. ನಿಮ್ಮೂರಿನ ನಲ್ಲಿಗೆ ಬರುವುದು ನಮ್ಮ ಕಡೆಯ ತುಂಗಭದ್ರೆ ನೀರು, ಅದಕ್ಕೂ ಒಂದು ಜಾಗ ಇರಲಿ. 1941ರಲ್ಲಿ ನಮ್ಮಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಯಂತ್ರದ ಕಾರ್ಖಾನೆ ಕೂಡ ಇದೇ ಕಥೆಯ ಭಾಗ ಅಲ್ವಾ? ಭದ್ರಾ ನಾಲೆಯನ್ನಂತೂ ಬಿಡಲೇಬೇಡಿ. ನೀರು ಬಂದ ಮೇಲೆ ಸುತ್ತಲಿನ ಎಷ್ಟೋ ಹೊಲ ಗದ್ದೆಯಾಯಿತು, ಭತ್ತ ಬಂತು. ಊರಿನ ವ್ಯಾಪಾರ ಬರೀ ಹತ್ತಿ ಮೂಟೆ ಮೇಲೆ ನಿಲ್ಲಲಿಲ್ಲ.

ಪೇಟೆ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಉದ್ರಿ ಪುಸ್ತಕಕ್ಕೆ ನಾಳೆಯೇ ಮಂಡಿಪೇಟೆಗೆ ಹೋಗ್ತೀನಿ. ಅಕ್ಕಾ, ಟಿಕೆಟ್ ಕೊಡ್ತೀರಾ?

ರಿಂಗ್ ಫ್ರೇಮ್ ಮಗಳು:
ಒರಿಜಿನಲ್ ಕೊಡಲ್ಲ ಕಣಪ್ಪ. ಮನೆಗೆ ಬಂದು ಸ್ಕ್ಯಾನ್ ಮಾಡಿಕೋ, ಚಹಾ ಕುಡಿದು ಹೋಗು. ಕೆಳಗೆ ಚೀಟಿ ಹಾಕುವಾಗ ಸುಮ್ನೆ 'ಕಾರ್ಮಿಕ' ಅಂತ ಬರೀಬೇಡ. ಹೆಸರು ಹಾಕು, ಮಿಲ್ಲಿನ ಯಾವ ವಿಭಾಗ ಅಂತ ಹಾಕು, ಬದಲಿ ಅಂತನೂ ಹಾಕು.