ಗಡಿ ಮೇಲಿರೋ ಬೇವಿನ ಮರ: ಅರ್ಜಿ ಯಾರು ಹಾಕಬೇಕು?

ಎಲ್ರಿಗೂ ನಮಸ್ಕಾರ. 30×40 ಸೈಟು, ಪಾಯ ತೆಗೆಯೋ ಹಂತ. ಒಂದು ತೆಂಗು, ಒಂದು ಬೇವು ಅಡ್ಡ ಇವೆ. ತೆಂಗಿಂದು ತಲೆನೋವಿಲ್ಲ, ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಲ್ಲಿ ತೆಂಗು, ನೀಲಗಿರಿ, ಸಿಲ್ವರ್ ಓಕ್‌ಗೆಲ್ಲ ವಿನಾಯಿತಿ ಇದೆ. ಬೇವಿಗಿಲ್ಲ. ಸ್ವಂತ ಜಾಗದಲ್ಲಿದ್ರೂ ವೃಕ್ಷಾಧಿಕಾರಿ ಅನುಮತಿ ಬೇಕೇ ಬೇಕು.

ಖಾತಾ, ತೆರಿಗೆ ರಸೀದಿ, ಮರ ಗುರುತು ಮಾಡಿದ ನಕ್ಷೆ, ಫೋಟೋ, ಎದೆಮಟ್ಟದಲ್ಲಿ ಅಳೆದ ಸುತ್ತಳತೆ (140 ಸೆಂ.ಮೀ.) ಎಲ್ಲ ಕೊಟ್ಟಾಗಿದೆ. ಬದಲಿಗೆ ಸಸಿ ನೆಡೋಕೂ ತಯಾರು. ಆದ್ರೆ ಸ್ಥಳ ಪರಿಶೀಲನೆಯಲ್ಲಿ ಟೇಪ್ ಹಿಡಿದಾಗ ಬುಡದ ಮುಕ್ಕಾಲು ಪಾಲು ನಮ್ಮ ಕಡೆ, ಮಿಕ್ಕಿದ್ದು ಪಕ್ಕದ ಸೈಟಿಗೆ ಬಂತು. ಫೈಲ್ ಅಲ್ಲೇ ನಿಂತಿದೆ. ಪಕ್ಕದ ಮಾಲೀಕರು ವಿದೇಶದಲ್ಲಿದ್ದಾರೆ. ವಾಟ್ಸಾಪ್‌ನಲ್ಲಿ "ಕಡಿಸಿ" ಅಂದಿದ್ದಾರೆ, ಆ ಮೆಸೇಜ್ ನಡೆಯಲ್ವಂತೆ.

ಬರೀ ಕೊಂಬೆ ಸವರಿದ್ರೆ ಪ್ರಯೋಜನ ಇಲ್ಲ. ಪಾಯದ ಗುಂಡಿ ಬುಡದಿಂದ ಎರಡೇ ಅಡಿ. ಒಂದು ಕಡೆ ಬೇರು ಕತ್ತರಿಸಿ ಮರ ಉಳಿಸ್ಕೊಂಡ್ರೆ ಮೊದಲ ಗಾಳಿ-ಮಳೆಗೇ ವಾಲುತ್ತೆ, ಅದೂ ಪಕ್ಕದವರ ಜಾಗದ ಕಡೆಗೇ.

ಗಡಿ ಮರಕ್ಕೆ ಅನುಮತಿ ತಗೊಂಡವರು ಹೇಳಿ: ಇಬ್ಬರ ಹೆಸರಲ್ಲೂ ಜಂಟಿ ಅರ್ಜಿನೇ ಹೊಸದಾಗಿ ಹಾಕಬೇಕಾ, ಇಲ್ಲಾ ಈಗಿರೋ ಅರ್ಜಿಗೆ ಅವರ ನೋಟರಿ ಆದ ಒಪ್ಪಿಗೆ ಪತ್ರ ಸೇರಿಸಿದ್ರೆ ಸಾಕಾ?