ಒಂದೇ ಗುಡ್ಡದ ಎರಡು ಹಳ್ಳ, ಒಂದು ಸಂಕ್ರಾಂತಿಗೇ ಬತ್ತುತ್ತೆ ಇನ್ನೊಂದು ಏಪ್ರಿಲಲ್ಲೂ ಹರಿಯುತ್ತೆ, ಯಾಕೆ?

ಕಾನುಮನೆ_ಹೈದ

ನಮ್ಮನೆ ಆಗುಂಬೆಯಿಂದ ತೀರ್ಥಹಳ್ಳಿ ಕಡೆ ಬರೋವಾಗ ಒಳಗೆ, ಗುಡ್ಡದ ಬುಡದಲ್ಲಿ. ಹಿಂದಿನ ಗುಡ್ಡದಿಂದ ಎರಡು ಹಳ್ಳ ಇಳಿಯುತ್ತೆ, ಮಧ್ಯ ಒಂದು ಏಣು ಅಷ್ಟೇ, ಮಳೆ ಎರಡಕ್ಕೂ ಒಂದೇ. ಬಲಗಡೆದು ಆಷಾಢದಲ್ಲಿ ಕಾಲಿಡೋಕೆ ಭಯ ಆಗೋ ಹಾಗೆ ಬರುತ್ತೆ, ಸಂಕ್ರಾಂತಿ ಹೊತ್ತಿಗೆ ಬರೀ ಕಲ್ಲು. ಎಡಗಡೆದು ನೋಡೋಕೆ ಸಣ್ಣದು ಆದ್ರೆ ಏಪ್ರಿಲಲ್ಲೂ ಅಬ್ಬಿ ನೀರು, ಅಂದ್ರೆ ಗುಡ್ಡದಿಂದ ತಾನಾಗೇ ಇಳಿದು ಬರೋ ನೀರು, ಮನೆಗೆ ಬರ್ತಾನೇ ಇರುತ್ತೆ (ಅಜ್ಜನ ಕಾಲದಲ್ಲಿ ಅಡಿಕೆ ಮರ ಸೀಳಿ ಮಾಡಿದ ದಂಬೆ, ಈಗ ಪೈಪು). ಹೀಗ್ಯಾಕೆ?

ಇನ್ನೊಂದು, ಎಡಗಡೆ ಹಳ್ಳದಲ್ಲಿ ದರೆಯಿಂದ ನೀರು ಜಿನುಗೋ ಕಡೆ ಕೇಸರಿ ಬಣ್ಣದ ಲೋಳೆ ಕೂತಿದೆ, ಮೇಲೆ ಎಣ್ಣೆ ತೇಲಿದ ಹಾಗೆ ಹೊಳಪು. ಅಲ್ಲಿಗೆ ಬೈಕೂ ಹೋಗಲ್ಲ ಮಾರಾಯ್ರೆ, ಎಣ್ಣೆ ಎಲ್ಲಿಂದ ಬಂತು? ಕುಡಿಯೋದು ಅದೇ ನೀರು.

ಕಲ್ಲು_ಮಣ್ಣು

ಎಣ್ಣೆದು ಮೊದಲು. ಒಂದು ಕೋಲು ತಗೊಂಡು ಆ ಹೊಳಪನ್ನ ಕದಡಿ ನೋಡಿ. ಚೂರು ಚೂರಾಗಿ ಒಡೆದು ಹಾಗೇ ನಿಂತ್ರೆ ಅದು ಬ್ಯಾಕ್ಟೀರಿಯಾ ಮಾಡಿದ ಪೊರೆ, ನಿಜವಾದ ಎಣ್ಣೆ ಆಗಿದ್ರೆ ಸುತ್ತಿ ಬಂದು ಮತ್ತೆ ಕೂಡಿಕೊಳ್ಳುತ್ತೆ. ನಿಮ್ಮ ಕಡೆ ಜಂಬಿಟ್ಟಿಗೆ, ಅದರಲ್ಲಿ ಕಬ್ಬಿಣ ಜಾಸ್ತಿ, ಗಾಳಿ ಆಡದ ಮಣ್ಣೊಳಗೆ ಕಬ್ಬಿಣ ನೀರಲ್ಲಿ ಕರಗಿರುತ್ತೆ, ಹೊರಗೆ ಬಂದು ಗಾಳಿ ತಾಗಿದ ತಕ್ಷಣ ತುಕ್ಕಾಗುತ್ತೆ, ಆ ಕೆಲಸದಲ್ಲೇ ಹೊಟ್ಟೆ ಹೊರೆಯೋ ಬ್ಯಾಕ್ಟೀರಿಯಾ ಇದಾವೆ. ಲೋಳೆ ಅವುಗಳದ್ದೇ. ಪೈಪ್ ಕಟ್ಟಿಕೊಳ್ಳುತ್ತೆ, ಬಿಳಿ ಬಟ್ಟೆ ಕೆಡುತ್ತೆ, ವಿಷ ಏನಲ್ಲ.

ಹಳ್ಳದ ವಿಷಯಕ್ಕೆ ಬಂದ್ರೆ ಮಳೆ ಲೆಕ್ಕ ಬಿಡಿ. ಆಗುಂಬೇಲಿ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಬೀಳುತ್ತೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅಷ್ಟರಲ್ಲಿ ಯಾವ ಹಳ್ಳ ಆದ್ರೂ ತುಂಬುತ್ತೆ. ಆದ್ರೆ ಏಪ್ರಿಲಲ್ಲಿ ನೀವು ಕುಡಿಯೋದು ಏಪ್ರಿಲ್ ಮಳೆ ಅಲ್ಲ, ಮಳೆಗಾಲದಲ್ಲಿ ಗುಡ್ಡ ಇಂಗಿಸಿಟ್ಟುಕೊಂಡು ನಿಧಾನಕ್ಕೆ ಬಿಡ್ತಿರೋ ನೀರು. ಹಾಗಾಗಿ ಹಳ್ಳದ ತಲೇಲಿ ಏನಿದೆ ಅನ್ನೋದೇ ಪ್ರಶ್ನೆ. ಹಾಸುಬಂಡೆ ಇದ್ರೆ ಬಿದ್ದಿದ್ದು ಬಿದ್ದ ಹಾಗೇ ಇಳಿದುಹೋಗುತ್ತೆ. ಬಟ್ಟಲ ಹಾಗಿರೋ ಕಣಿವೆ, ಆಳದ ಮಣ್ಣು, ಅದರ ಕೆಳಗೆ ಕೊಳೆತು ಮೆತ್ತಗಾದ ಬಂಡೆ ಇದ್ರೆ ತಿಂಗಳುಗಟ್ಟಲೆ ಒರತೆ ಬರುತ್ತೆ. ಎರಡರ ತಲೇಗೂ ಹತ್ತಿ ನೋಡಿದೀರಾ?

ಸಾಗರದ_ಮಾಣಿ

ಇಷ್ಟೆಲ್ಲಾ ಯಾಕೆ, ಅಕೇಶಿಯಾ ಇದ್ಯಾ ನೋಡಿ. ಎಲ್ಲಾ ನೀರೂ ಅದೇ ಕುಡಿಯೋದು.

ಕಲ್ಲು_ಮಣ್ಣು

@ಸಾಗರದ_ಮಾಣಿ ಅಷ್ಟು ಸರಳ ಇಲ್ಲ ಕಣ್ರಿ. ಕಾನಿನ (ನಿತ್ಯಹಸಿರು ಕಾಡಿನ) ಮರಾನೂ ನೀರು ಕುಡಿಯುತ್ತೆ, ಕಮ್ಮಿ ಏನಲ್ಲ. ವ್ಯತ್ಯಾಸ ಇರೋದು ನೆಲದಲ್ಲಿ. ದರಕು (ಉದುರಿದ ಒಣ ಎಲೆ) ಕೊಳೆತು, ಬೇರು ಹುಳ ಎಲ್ಲ ಸೇರಿ ತೂತು ಮಾಡಿದ ಕಾಡಿನ ಮಣ್ಣು ಜೋರು ಮಳೇನೂ ಒಳಗೆ ತಗೊಳ್ಳುತ್ತೆ. ದನ ತುಳಿದು, ಸೊಪ್ಪು ದರಕು ಗುಡಿಸಿ ಗಟ್ಟಿಯಾದ ಜಾಗದಲ್ಲಿ ಮೇಲೇ ಹರಿದುಹೋಗುತ್ತೆ, ಅಲ್ಲಿ ಆಮೇಲೆ ಅಕೇಶಿಯಾ ನೆಟ್ರೂ ಹಳೇ ಕಾಡಿನಷ್ಟು ಇಂಗಲ್ಲ, ಉತ್ತರ ಕನ್ನಡದ ಗುಡ್ಡಗಳಲ್ಲಿ ಇದನ್ನ ಅಳೆದೇ ನೋಡಿದಾರೆ. ಅಂದ್ರೆ ಮರ ನೆಡೋಕೆ ಮೊದಲೇ ನೆಲ ಕೆಟ್ಟಿರುತ್ತೆ.

ಹೆಬ್ರಿಯಿಂದ

ನಾವು ಘಟ್ಟದ ಕೆಳಗಿನವರು. ನಿಮ್ಮ ಹಳ್ಳ ತುಂಗೆಗೆ ಸೇರೋದು ತಾನೆ? ಅಂದ್ರೆ ಕೂಡ್ಲಿ, ಹಂಪಿ ಎಲ್ಲ ನೋಡ್ಕೊಂಡು ಕೃಷ್ಣಾ ಸೇರಿ ಬಂಗಾಳಕೊಲ್ಲಿಗೆ ಹೋಗುತ್ತೆ. ನಿಮ್ಮಲ್ಲಿಂದ ಸ್ವಲ್ಪ ಪಶ್ಚಿಮಕ್ಕೆ ಘಟ್ಟದ ಅಂಚಲ್ಲಿ ಬಿದ್ದ ಮಳೆ ಸೀತಾನದಿಗೆ ಬಂದು, ಬರ್ಕಣದಲ್ಲಿ ಧುಮುಕಿ, ನಮ್ಮ ಹೆಬ್ರಿ ಮೇಲೆ ಹಾದು ಅರಬ್ಬೀ ಸಮುದ್ರ ಸೇರುತ್ತೆ, ಮಳೆಗಾಲದಲ್ಲಿ ದಾರಿ ಕರ್ಚಾಗೋದೇ ಗೊತ್ತಾಗಲ್ಲ. ಆಗುಂಬೆ ಇರೋದು ಸುಮಾರು 640 ಮೀಟರ್ ಎತ್ತರದಲ್ಲಿ, ನಮ್ಮ ಕಡೆ ಹಳ್ಳಗಳು ಕೆಲವೇ ಕಿಲೋಮೀಟರಲ್ಲಿ ಅಷ್ಟೂ ಇಳೀಬೇಕು, ಅದಕ್ಕೇ ಎಲ್ಲಾ ಮೆಟ್ಟಿಲು ಮೆಟ್ಟಿಲು, ಬಂಡೆ ಆಮೇಲೆ ಗುಂಡಿ, ಮತ್ತೆ ಬಂಡೆ ಮತ್ತೆ ಗುಂಡಿ. ನೀರಿನ ರಭಸ ಬಹುಪಾಲು ಆ ಗುಂಡಿಗಳಲ್ಲಿ ಸುಳಿ ಸುತ್ತೋದ್ರಲ್ಲೇ ಮುಗಿಯುತ್ತೆ. ಗುಂಡಿಗೆ ಇಳಿದು ರೀಲ್ಸ್ ಮಾಡೋರಿಗೆ ಇದನ್ನ ಯಾರು ಹೇಳೋದು.

ಕಪ್ಪೆ_ಕಾವಲು

ಬತ್ತದ ಹಳ್ಳದಲ್ಲಿ ಕಪ್ಪೆ ನೋಡಿ ಸಾರ್! ನೆರಳಿರೋ ತೊರೆ ಕಲ್ಲಿನ ಮೇಲೆ ಒಂದಿಂಚಿನ ಕಂದು ಕಪ್ಪೆ ಕೂತು ಹಿಂಗಾಲು ಚಾಚಿ ಬೀಸ್ತಾ ಇದ್ರೆ ಅದು ಕುಣಿಯೋ ಕಪ್ಪೆ, ಗಂಡು. ಕೂಗುತ್ತೆ ಕೂಡ, ಆದ್ರೆ ಹಳ್ಳದ ಸದ್ದಲ್ಲಿ ಅದೊಂದೇ ಸಾಲಲ್ಲ, ಅದಕ್ಕೆ ಕಾಲಾಡಿಸಿ ಪಕ್ಕದವನಿಗೆ ಜಾಗ ಬಿಡು ಅಂತ ಹೇಳೋದು. ಪಶ್ಚಿಮ ಘಟ್ಟ ಬಿಟ್ರೆ ಈ ಜಾತಿ ಕಪ್ಪೆಗಳು ಬೇರೆಲ್ಲೂ ಇಲ್ಲ.

ಕಾನುಮನೆ_ಹೈದ

ಕೋಲು ಹಾಕಿದೆ, ಚೂರು ಚೂರಾಯ್ತು, ಕೂಡಿಕೊಳ್ಳಲಿಲ್ಲ 👍 ಅಮ್ಮಂಗೂ ತೋರಿಸಿದೆ. ತಲೇಗೂ ಹತ್ತಿ ಬಂದೆ, ಬಲಗಡೇದರ ಮೇಲೆ ಪೂರ್ತಿ ಹಾಸುಬಂಡೆ, ತೆಳ್ಳಗೆ ಹುಲ್ಲು, ಅಕೇಶಿಯಾ ಒಂದೂ ಇಲ್ಲ ಮಾಣಿ ಅವರೇ. ಎಡಗಡೆ ಕಾನು, ನೆಲ ಮೆತ್ತಗೆ, ಕಾಲಿಟ್ರೆ ಹುಗಿಯುತ್ತೆ. ಅಲ್ಲೇ ಒಂದು ಇಂಗುಗುಂಡಿ ತೋಡಿದ್ರೆ ಇನ್ನೂ ನೀರು ಜಾಸ್ತಿ ಆಗುತ್ತಾ?

ಕಲ್ಲು_ಮಣ್ಣು

ಆ ಮೆತ್ತಗಿನ ಜಾಗದಲ್ಲಿ ಗುದ್ದಲಿ ಹಾಕ್ಲೇಬೇಡಿ. ತೋಡಿ ದಾರಿ ಮಾಡಿಕೊಟ್ರೆ ನಿಧಾನಕ್ಕೆ ಬರೋ ನೀರು ಬೇಗ ಬಂದು ಖಾಲಿ ಆಗುತ್ತೆ. ಇಂಗುಗುಂಡಿ ಬೇಕಿದ್ರೆ ಕಾನಿನ ಹೊರಗೆ, ದನ ತುಳಿದ ಗಟ್ಟಿ ನೆಲದಲ್ಲಿ ಮಾಡಿ. ಪೈಪಿನ ಬಾಯಿಗೆ ಒಂದು ಸಣ್ಣ ತೊಟ್ಟಿ ಕಟ್ಟಿ, ನೀರು ಅದರಲ್ಲಿ ನಿಂತು ಮೇಲಿಂದ ಹರಿದು ಬಂದ್ರೆ ತುಕ್ಕು ತಳಕ್ಕೆ ಕೂರುತ್ತೆ. ಮತ್ತೆ ಕುಡಿಯೋದಕ್ಕೆ ಕುದಿಸಿ, ಮೇಲೆ ಕಾಡುಹಂದಿ ಹೊರಳಾಡೋದನ್ನ ನೀವು ನೋಡಿರಲ್ಲ.