ಸಹಾಯ ಬೇಕು: ಕಿವಿ ಕೇಳದ ಹಿರಿಯರೊಡನೆ ಮೃದುವಾಗಿ ಮಾತನಾಡುವುದು ಹೇಗೆ?

ಸಭೆಯ ಹಿರಿಯರಿಗೂ ಸಹೋದರ ಸಹೋದರಿಯರಿಗೂ ವಂದನೆಗಳು. ಮಂಡ್ಯದಲ್ಲಿ ನಮ್ಮೊಂದಿಗಿರುವ ಅತ್ತೆಯವರಿಗೆ ವಯಸ್ಸಾಗಿ ಕಿವಿ ಮಂದವಾಗಿರುವುದರಿಂದ ಪ್ರತಿಯೊಂದು ಮಾತನ್ನೂ ಎರಡು ಮೂರು ಬಾರಿ ಕೂಗಿ ಹೇಳಬೇಕಾಗುತ್ತದೆ. ಮೂರನೆಯ ಬಾರಿ ಕೂಗುವಾಗ ನನ್ನ ದನಿಯಲ್ಲಿ ಸಿಟ್ಟು ಸೇರಿಬಿಡುತ್ತದೆ. ಕಳೆದ ಭಾನುವಾರ ಆರಾಧನೆಗೆ ಹೊರಡುವ ಹೊತ್ತಿನಲ್ಲಿ "ಎಷ್ಟು ಸಲ ಹೇಳಬೇಕು ನಿಮಗೆ" ಎಂದು ರೇಗಿದೆ. ಅವರು ಏನೂ ಹೇಳದೆ, ಅವರೆಕಾಯಿ ಬಿಡಿಸುತ್ತಿದ್ದ ಮೊರವನ್ನು ಪಕ್ಕಕ್ಕೆ ಸರಿಸಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾತು ಕೇಳಿಸದಿದ್ದರೂ ಮುಖದ ಸಿಟ್ಟು ಅವರಿಗೆ ಚೆನ್ನಾಗಿಯೇ ಕಾಣಿಸುತ್ತದೆ.

ದೇವರನ್ನು ಕೊಂಡಾಡುವ ನಾಲಿಗೆಯಿಂದಲೇ ದೇವರ ಹೋಲಿಕೆಯಲ್ಲಿ ಉಂಟಾದ ಮನುಷ್ಯರನ್ನು ಶಪಿಸುವುದು ತಕ್ಕದ್ದಲ್ಲವೆಂದು ಯಾಕೋಬನು ಬೈಬಲಿನಲ್ಲಿರುವ ತನ್ನ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಬರೆದದ್ದು ಅಂದು ನೆನಪಿಗೆ ಬಂದು, ಕೀರ್ತನೆ ಹಾಡಲು ನನಗೆ ದನಿಯೇ ಹೊರಡಲಿಲ್ಲ. ಸಂಜೆ ಕ್ಷಮೆ ಕೇಳಿದೆ. ಅವರು ತಲೆ ಸವರಿದರು.

ಕಿವಿ ಕೇಳದ ಹಿರಿಯರನ್ನು ನೋಡಿಕೊಂಡವರು, ಎದುರಿಗೆ ಕುಳಿತು ಮುಖ ಕಾಣುವಂತೆ ನಿಧಾನವಾಗಿ ಹೇಳುವುದಲ್ಲದೆ ಇನ್ನೇನು ಮಾಡಿದಿರಿ, ಸಿಟ್ಟೇರುವ ಗಳಿಗೆಯಲ್ಲಿ ಯಾವ ಪ್ರಾರ್ಥನೆ ನಿಮ್ಮನ್ನು ತಡೆಯಿತು ಎಂಬುದನ್ನು ದಯವಿಟ್ಟು ತಿಳಿಸಿರಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೂ ಅವರನ್ನು ಕರೆದೊಯ್ಯಬೇಕೆಂದಿದ್ದೇವೆ. ಹಿರಿಯರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಂದವರು ಯಾವ ಹೊತ್ತಿಗೆ ತಲುಪಿದರೆ ಒಳ್ಳೆಯದೆಂದು ಬರೆಯುವಿರಾ?